ಏಳು ಬೀಗದ ಕೈ, ಒಂದು ಲೆಕ್ಕದ ಪುಸ್ತಕ

‘ಹ್ಯಾಕರ್ ಅಂದ್ರೆ ಬ್ಯಾಂಕಿನ ದುಡ್ಡು ಎತ್ತೋರಲ್ವಾ ಮೇಷ್ಟ್ರೇ? ಅಂಥೋರಿಗೆ ಮನೆ ಕೊಡಿ ಅಂತ ಕೇಳ್ತಿದ್ದೀರಲ್ಲ!’

2014ರ ಜೂನ್ ತಿಂಗಳಲ್ಲಿ ಬೆಂಗಳೂರು ದಕ್ಷಿಣದ ಹಳೆಯ ಬಡಾವಣೆಯೊಂದರಲ್ಲಿ ಮನೆ ಮಾಲೀಕರೊಬ್ಬರು ನನಗೆ ಹಾಕಿದ ಪ್ರಶ್ನೆ ಇದು. ಅವರದು ತಪ್ಪಲ್ಲ. ಪತ್ರಿಕೆಗಳಲ್ಲಿ ಆ ಪದ ಕಾಣಿಸಿಕೊಳ್ಳುವುದೇ ಕಳ್ಳತನದ ಸುದ್ದಿಗಳಲ್ಲಿ. ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಿದ್ದ ನಾನು, ಅವರ ಜಗಲಿಯ ಮೇಲೆ ಕುಳಿತು, ಇದೊಂದು ಗರಡಿಮನೆಯಿದ್ದಂತೆ ಎಂದು ವಿವರಿಸಿದೆ. ಗರಡಿಯಲ್ಲಿ ಮಣ್ಣು, ಗದೆ, ಮಲ್ಲಕಂಬ ಎಲ್ಲರಿಗೂ ಸೇರಿದ್ದು. ಹಿರಿಯರು ಕಿರಿಯರಿಗೆ ಪಟ್ಟು ಕಲಿಸುತ್ತಾರೆ. ಇಲ್ಲಿ ಮಣ್ಣಿನ ಬದಲು ಸೋಲ್ಡರಿಂಗ್ ಐರನ್, ಡ್ರಿಲ್ಲಿಂಗ್ ಯಂತ್ರ, ಕಂಪ್ಯೂಟರು. ಪಟ್ಟಿನ ಬದಲು ಸರ್ಕ್ಯೂಟು. ಹಿರಿಯರು ನಕ್ಕರು. ತಮ್ಮ ತಂದೆ ಗರಡಿಯಲ್ಲಿ ಸಾಮು ಮಾಡಿದವರೆಂದರು. ತಿಂಗಳಿಗೆ 24,000 ರೂಪಾಯಿ ಬಾಡಿಗೆ, ಬೆಂಗಳೂರಿನ ವಾಡಿಕೆಯಂತೆ ಹತ್ತು ತಿಂಗಳ ಅಡ್ವಾನ್ಸು ಎಂದು ಮಾತು ಮುಗಿಸಿದರು.

ಹ್ಯಾಕರ್ ಎಂಬ ಪದಕ್ಕೆ ಕಳ್ಳತನದ ಕಳಂಕ ಅಂಟಿದ್ದು ತಡವಾಗಿ. ಅಮೆರಿಕದ ಎಂಐಟಿಯಲ್ಲಿ 1946ರಲ್ಲಿ ಆರಂಭವಾದ ಆಟಿಕೆ ರೈಲು ಮಾದರಿಗಳ ವಿದ್ಯಾರ್ಥಿ ಸಂಘದಲ್ಲಿ, ಯಂತ್ರವೊಂದನ್ನು ಬಿಚ್ಚಿ ನೋಡಿ ಅದರಿಂದ ಯಾರೂ ನಿರೀಕ್ಷಿಸದ ಕೆಲಸ ಮಾಡಿಸುವ ಜಾಣ್ಮೆಗೆ ‘ಹ್ಯಾಕ್’ ಎನ್ನುತ್ತಿದ್ದರು. ಹಾಗೆ ಬಿಚ್ಚಿ ನೋಡುವ ಕುತೂಹಲವುಳ್ಳವರು ತಮ್ಮದೇ ಖರ್ಚಿನಲ್ಲಿ, ಯಾವ ಲಾಭದ ಆಸೆಯೂ ಇಲ್ಲದೆ ನಡೆಸುವ ಸಮುದಾಯದ ಕಾರ್ಯಾಗಾರವೇ ಹ್ಯಾಕರ್‌ಸ್ಪೇಸ್. ಬರ್ಲಿನ್ನಿನಲ್ಲಿ 1981ರಲ್ಲಿ ಹುಟ್ಟಿದ ‘ಕೇಯಾಸ್ ಕಂಪ್ಯೂಟರ್ ಕ್ಲಬ್’ ಈ ಪರಂಪರೆಯ ಹಿರಿಯಣ್ಣ. ಅದೇ ಊರಿನಲ್ಲಿ ಸ್ಪ್ರೇ ನದಿಯ ದಡದಲ್ಲಿರುವ ‘ಸಿ-ಬೇಸ್’ 1995ರಲ್ಲಿ ಆರಂಭವಾಯಿತು. ವಿಯೆನ್ನಾದ ‘ಮೆಟಾಲ್ಯಾಬ್’ 2006ರದು. 2007ರ ಬೇಸಿಗೆಯಲ್ಲಿ ಬರ್ಲಿನ್ ಸಮೀಪ ನಡೆದ ಹ್ಯಾಕರುಗಳ ಶಿಬಿರಕ್ಕೆ ಬಂದಿದ್ದ ಅಮೆರಿಕನ್ನರು ಇವನ್ನೆಲ್ಲ ಕಂಡು ಬೆರಗಾದರು. ಊರಿಗೆ ಮರಳಿ ನ್ಯೂಯಾರ್ಕಿನಲ್ಲಿ ‘ಎನ್‌ವೈಸಿ ರೆಸಿಸ್ಟರ್’, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ‘ನಾಯ್ಸ್‌ಬ್ರಿಡ್ಜ್’ ಕಟ್ಟಿದರು. ಅಲ್ಲಿಂದ ಈ ಕಲ್ಪನೆ ಜಗತ್ತಿನ ನಗರಗಳಿಗೆಲ್ಲ ಹಬ್ಬಿತು.

ಜರ್ಮನಿಯ ಕಾನೂನಿನಂತೆ ಸಂಘವೊಂದನ್ನು ನೋಂದಾಯಿಸಲು ಕನಿಷ್ಠ ಏಳು ಮಂದಿ ಸದಸ್ಯರು ಬೇಕು. ನಮ್ಮ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯೂ ಏಳು ಮಂದಿಯನ್ನೇ ಕೇಳುತ್ತದೆ. ಈ ಸಾಮ್ಯ ಕಂಡು ನನಗೆ ಅಂದು ವಿಚಿತ್ರ ಸಮಾಧಾನವಾಗಿತ್ತು. ಎಲ್ಲಿಂದಲೋ ಎರವಲು ತಂದದ್ದನ್ನು ಇಲ್ಲಿ ನೆಡುತ್ತಿದ್ದೇವೆ ಎಂಬ ಅಳುಕು ಕಡಿಮೆಯಾಯಿತು. ಯೋಚಿಸಿದರೆ, ಸಂಘ ಕಟ್ಟುವುದನ್ನು ಕನ್ನಡಿಗರು ಬರ್ಲಿನ್ನಿನವರಿಂದ ಕಲಿಯಬೇಕಾಗಿರಲಿಲ್ಲ. ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರನ್ನು ಕೂಡಿಸಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ. ಹೆಗ್ಗೋಡಿನಂಥ ಸಣ್ಣ ಊರಿನಲ್ಲಿ 1949ರಲ್ಲಿ ಆರಂಭವಾದ ನೀನಾಸಂನ ಪೂರ್ಣ ಹೆಸರಿನಲ್ಲಿಯೇ ‘ಸಂಘ’ವಿದೆ. ಹತ್ತು ಜನ ಕೂಡಿ, ಚಂದಾ ಎತ್ತಿ, ಒಬ್ಬರಿಗೆ ಸಾಧ್ಯವಿಲ್ಲದ್ದನ್ನು ಎಲ್ಲರಿಗಾಗಿ ಮಾಡುವುದು ನಮಗೆ ಹೊಸದಲ್ಲ. ನಮಗೆ ಹೊಸದಾಗಿದ್ದದ್ದು ಯಂತ್ರಗಳು ಮಾತ್ರ.

ನಾವು ಏಳು ಮಂದಿಯಲ್ಲಿ ಮೂವರು ಸಾಫ್ಟ್‌ವೇರ್ ಉದ್ಯೋಗಿಗಳು, ಒಬ್ಬರು ವಾಸ್ತುಶಿಲ್ಪಿ, ಒಬ್ಬ ಎಂಜಿನಿಯರಿಂಗ್ ಪದವೀಧರೆ, ನಾನು, ಮತ್ತು ನಮ್ಮೆಲ್ಲರಿಗಿಂತ ಹಿರಿಯರಾದ ಒಬ್ಬ ರೇಡಿಯೊ ಮೆಕ್ಯಾನಿಕ್. ಬೈಲಾ ಬರೆದೆವು. ಉದ್ದೇಶಗಳಲ್ಲಿ ವಿಜ್ಞಾನ ಮತ್ತು ಶಿಕ್ಷಣದ ಪ್ರಸಾರವೆಂದು ಸ್ಪಷ್ಟಪಡಿಸಿದೆವು. ಹೆಸರಿನಲ್ಲಿ ಹ್ಯಾಕರ್ ಎಂಬ ಪದವನ್ನು ಬೇಕೆಂದೇ ಕೈಬಿಟ್ಟೆವು; ಪ್ರತಿ ಕಚೇರಿಯಲ್ಲೂ ಗರಡಿಮನೆಯ ಕಥೆ ಹೇಳುವ ತಾಳ್ಮೆ ನಮಗಿರಲಿಲ್ಲ. ನಾನು ಖಜಾಂಚಿಯಾದೆ. ಮೇಷ್ಟ್ರು, ಲೆಕ್ಕ ಸರಿಯಾಗಿಡುತ್ತಾರೆ ಎಂಬ ನಂಬಿಕೆ ಎಲ್ಲರದು.

ಜರ್ಮನಿಯ ಯೆನ್ಸ್ ಓಲಿಗ್ ಮತ್ತು ಲಾರ್ಸ್ ವೈಲರ್ ಎಂಬಿಬ್ಬರು ಹ್ಯಾಕರ್‌ಸ್ಪೇಸ್ ಕಟ್ಟುವವರಿಗಾಗಿ 2007ರಲ್ಲಿ ತಮ್ಮ ಅನುಭವಗಳನ್ನು ಸೂತ್ರರೂಪದಲ್ಲಿ ಮುಂದಿಟ್ಟಿದ್ದರು. ಅಡುಗೆಮನೆ ಇರಲಿ ಎಂಬ ಅರ್ಥದ ಮಾತು ಅದರಲ್ಲಿದೆ. ಸಭೆಗೆ ಯಾವ ದಿನವೆಂದು ಚರ್ಚಿಸುತ್ತಾ ಕೂರಬೇಡಿ, ಮಂಗಳವಾರ ಎಂದು ಗೊತ್ತುಮಾಡಿಬಿಡಿ ಎಂಬುದು ಇನ್ನೊಂದು. ಯಾವ ವಾರವನ್ನು ಆರಿಸಿದರೂ ಯಾರಿಗಾದರೂ ಅನನುಕೂಲವೇ ತಾನೆ? ನಮ್ಮ ರೇಡಿಯೊ ಮೆಕ್ಯಾನಿಕ್ ಮಾತ್ರ ‘ಮಂಗಳವಾರ ಯಾರಾದ್ರೂ ಹೊಸ ಕೆಲಸ ಶುರು ಮಾಡ್ತಾರೇನ್ರೀ?’ ಎಂದು ಆಕ್ಷೇಪಿಸಿದರು. ಅವರ ಮಾತಿಗೆ ಮನ್ನಣೆ ಕೊಟ್ಟು ಬುಧವಾರ ಆರಂಭಿಸಿದೆವು. ಆಮೇಲೆ ಸಭೆಗಳೆಲ್ಲ ಮಂಗಳವಾರವೇ ನಡೆದವು.

ಮೊದಲ ಎರಡು ವರ್ಷಗಳನ್ನು ನೆನೆದರೆ ಈಗಲೂ ಮನಸ್ಸು ಹಿಗ್ಗುತ್ತದೆ. ಶನಿವಾರ ಬೆಳಿಗ್ಗೆ ಸಾದರ ಪತ್ರಪ್ಪ ರಸ್ತೆಯ ಅಂಗಡಿಗಳಿಗೆ ಹೋಗಿ ರೆಸಿಸ್ಟರು, ಕೆಪಾಸಿಟರು, ಹಳೆಯ ಮೋಟಾರುಗಳನ್ನು ಚೌಕಾಸಿ ಮಾಡಿ ತರುತ್ತಿದ್ದೆವು. ಕಂಪನಿಗಳ ಹವಾನಿಯಂತ್ರಿತ ಕೋಣೆಗಳಲ್ಲಿ ಲಕ್ಷಗಟ್ಟಲೆ ಸಾಲುಗಳ ಪ್ರೋಗ್ರಾಂ ಬರೆದಿದ್ದ ಯುವಕರು, ಒಂದು ಮಿಕ್ಸಿಯನ್ನು ಬಿಚ್ಚಿ ಸುಟ್ಟ ಕಾರ್ಬನ್ ಬ್ರಷ್ ಯಾವುದೆಂದು ಗುರುತಿಸಲು ಆ ಹಿರಿಯ ಮೆಕ್ಯಾನಿಕ್ ಬಳಿ ಪಾಠ ಹೇಳಿಸಿಕೊಂಡರು. ಅವರೋ, ಮೊದಲ ಬಾರಿಗೆ ಮೈಕ್ರೊಕಂಟ್ರೋಲರನ್ನು ಕೈಯಲ್ಲಿ ಹಿಡಿದು, ಅದರಲ್ಲೊಂದು ಬಲ್ಬು ಮಿನುಗಿಸಿದ ಸಂಜೆ ಮಗುವಿನಂತೆ ಚಪ್ಪಾಳೆ ತಟ್ಟಿದರು. ಯಾರು ಯಾರಿಗೆ ಗುರು ಎಂದು ಹೇಳುವುದು ಕಷ್ಟವಾಗಿತ್ತು. ನನ್ನ ಇಪ್ಪತ್ತೈದು ವರ್ಷಗಳ ತರಗತಿಗಳಲ್ಲಿ ಇಂಥ ಕಲಿಕೆಯನ್ನು ನಾನು ಕಂಡಿರಲಿಲ್ಲ.

ಆದರೆ ಬಾಡಿಗೆ ಪ್ರತಿ ತಿಂಗಳೂ ಐದನೇ ತಾರೀಖಿಗೆ ಬರುತ್ತದೆ. ನಮ್ಮ ಒಳ್ಳೆಯ ಕಾಲದಲ್ಲಿ 1,000 ರೂಪಾಯಿ ಕೊಡುವ 22 ಸದಸ್ಯರೂ 300 ರೂಪಾಯಿ ಕೊಡುವ 18 ವಿದ್ಯಾರ್ಥಿಗಳೂ ಇದ್ದರು. ಬರುತ್ತಿದ್ದದ್ದು 27,400. ಬಾಡಿಗೆ, ಕರೆಂಟು, ಇಂಟರ್ನೆಟ್ ಸೇರಿ ಖರ್ಚು 28,500. 1,100 ರೂಪಾಯಿ ಕೊರತೆಯನ್ನು ಶಿಬಿರ ನಡೆಸಿ, ದಾನ ಎತ್ತಿ ತುಂಬುತ್ತಿದ್ದೆವು. 2016ರಲ್ಲಿ ಕರಾರು ನವೀಕರಿಸುವಾಗ ಬಾಡಿಗೆ 26,400ಕ್ಕೆ ಏರಿತು. ಅದೇ ಸುಮಾರಿಗೆ ಕೆಲವರು ಹೊರದೇಶಕ್ಕೆ ಹೋದರು, ಕೆಲವರಿಗೆ ಮಕ್ಕಳಾದವು. ಪೂರ್ಣ ಶುಲ್ಕ ಕೊಡುವವರು 15ಕ್ಕೆ ಇಳಿದರು. ತಿಂಗಳಿಗೆ 10,500 ರೂಪಾಯಿ ಕೊರತೆ.

ಆಗ ನಾನು ಮಾಡಿದ್ದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಆ ಹಣವನ್ನು ನನ್ನ ಸಂಬಳದಿಂದ ತುಂಬಿದೆ, ಯಾರಿಗೂ ಹೇಳಲಿಲ್ಲ. ಲೆಕ್ಕದ ಪುಸ್ತಕದಲ್ಲಿ ‘ಹಿತೈಷಿಯೊಬ್ಬರಿಂದ’ ಎಂದು ಬರೆದೆ. ಒಂದು ತಿಂಗಳೆಂದು ಆರಂಭಿಸಿದ್ದು ಹನ್ನೊಂದು ತಿಂಗಳಾಯಿತು. ಮನೆಯಲ್ಲಿ ಹೆಂಡತಿಗೂ ತಿಳಿಸಿರಲಿಲ್ಲ. ಒಟ್ಟು 1,15,500 ರೂಪಾಯಿ. ಇದನ್ನು ಔದಾರ್ಯವೆಂದೇ ನಾನು ಭಾವಿಸಿದ್ದೆ. ಹುಡುಗರ ಉತ್ಸಾಹಕ್ಕೆ ಭಂಗ ಬರಬಾರದು, ಹಣದ ಚಿಂತೆ ಅವರಿಗೆ ಬೇಡ ಎಂದು ನನ್ನನ್ನೇ ಸಮಾಧಾನಪಡಿಸಿಕೊಳ್ಳುತ್ತಿದ್ದೆ.

2017ರ ಸೆಪ್ಟೆಂಬರಿನಲ್ಲಿ ವಾರ್ಷಿಕ ಮಹಾಸಭೆ. ಲೆಕ್ಕಪತ್ರ ಓದಿ, ಎಲ್ಲರೂ ಕೈಯೆತ್ತಿ, ಚಹಾ ಕುಡಿದು ಮುಗಿಸುವುದು ವಾಡಿಕೆ. ಆ ದಿನ ಡಿಪ್ಲೊಮಾ ಅಂತಿಮ ವರ್ಷದ ಹುಡುಗಿಯೊಬ್ಬಳು ಎದ್ದುನಿಂತಳು. ತಿಂಗಳಿಗೆ 300 ರೂಪಾಯಿ ಕೊಡುವ ಸದಸ್ಯೆ. ‘ಸರ್, ಈ ಹಿತೈಷಿ ಯಾರು?’ ಎಂದಳು. ಹೆಸರು ಹೇಳಲು ಅವರಿಗೆ ಇಷ್ಟವಿಲ್ಲ ಎಂದೆ. ‘ಹನ್ನೊಂದು ತಿಂಗಳೂ ಕೊರತೆ ಎಷ್ಟಿದೆಯೋ ಸರಿಯಾಗಿ ಅಷ್ಟೇ ಕೊಟ್ಟಿದ್ದಾರಲ್ಲ, ಅವರಿಗೆ ನಮ್ಮ ಲೆಕ್ಕ ಹೇಗೆ ಗೊತ್ತು ಸರ್?’ ಸಭೆ ಸ್ತಬ್ಧವಾಯಿತು. ಅವಳ ದನಿಯಲ್ಲಿ ಆರೋಪವಿರಲಿಲ್ಲ. ಕೆಟ್ಟ ಸರ್ಕ್ಯೂಟಿನಲ್ಲಿ ವೋಲ್ಟೇಜು ಎಲ್ಲಿ ಸೋರುತ್ತಿದೆಯೆಂದು ಹುಡುಕುವಾಗ ಮಲ್ಟಿಮೀಟರ್ ಹಿಡಿದು ಒಂದೊಂದೇ ಬಿಂದುವನ್ನು ಪರೀಕ್ಷಿಸಲು ನಾನೇ ಅವಳಿಗೆ ಕಲಿಸಿದ್ದೆ. ಅವಳು ಅದನ್ನೇ ಮಾಡುತ್ತಿದ್ದಳು.

ನಿಜ ಹೇಳಿದೆ. ಮೆಚ್ಚುಗೆ ಬರಬಹುದೆಂದು ಒಳಮನಸ್ಸು ನಿರೀಕ್ಷಿಸಿತ್ತೇನೋ. ಬಂದದ್ದು ಬೇರೆ. ‘ನಾಳೆ ನಿಮಗೆ ಕಾಯಿಲೆ ಬಂದ್ರೆ ನಮಗೆ ಗೊತ್ತಾಗೋದು ಬೀಗ ಬಿದ್ದ ಮೇಲೇನಾ?’ ಎಂದು ವಾಸ್ತುಶಿಲ್ಪಿ ಗೆಳೆಯರು ಕೇಳಿದರು. ರೇಡಿಯೊ ಮೆಕ್ಯಾನಿಕ್ ನನ್ನ ಹೆಗಲ ಮೇಲೆ ಕೈಯಿಟ್ಟು, ‘ಮೇಷ್ಟ್ರೇ, ನೀವು ನಮ್ಮನ್ನ ನೆಂಟರ ಥರ ನೋಡ್ಕೊಂಡ್ರಿ. ನಾವು ಮನೆಯವರು ಅಂದ್ಕೊಂಡಿದ್ವಿ’ ಎಂದರು. ಆ ಮಾತು ನನ್ನನ್ನು ಇರಿಯಿತು.

ಜಗತ್ತಿನ ಪ್ರತಿ ಪೆಟ್ಟಿಗೆಯನ್ನೂ ಬಿಚ್ಚಿ ಒಳಗೇನಿದೆ ಎಂದು ನೋಡಲು ಕೂಡಿದ್ದವರು ನಾವು. ತಂತ್ರಾಂಶದ ಮೂಲ ಸಂಕೇತ ಎಲ್ಲರಿಗೂ ಮುಕ್ತವಾಗಿರಬೇಕೆಂದು ವಾದಿಸುವವರು. ನಮ್ಮದೇ ಹಣದ ಪೆಟ್ಟಿಗೆಯನ್ನು ಮಾತ್ರ ಮುಚ್ಚಿಟ್ಟಿದ್ದೆವು. ಕಾನೂನಿಗೆ ಬೇಕಾದುದನ್ನೆಲ್ಲ ಮಾಡಿದ್ದೆವು ನಿಜ: ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆ, ಆಡಳಿತ ಮಂಡಳಿಯ ಪಟ್ಟಿಯೊಂದಿಗೆ ನೋಂದಣಾಧಿಕಾರಿಗೆ ಸಲ್ಲಿಕೆ. ಆದರೆ ನೋಂದಣಾಧಿಕಾರಿಗೆ ತೋರಿಸಿದ್ದನ್ನು ನಾವು ನಮಗೇ ತೋರಿಸಿಕೊಂಡಿರಲಿಲ್ಲ.

ಲಾಭರಹಿತ ಎಂಬ ಪದವನ್ನು ನಾವು ತಪ್ಪಾಗಿ ಅರ್ಥಮಾಡಿಕೊಂಡಿದ್ದೆವು ಎಂಬುದೂ ಅಂದೇ ತಿಳಿಯಿತು. ಲಾಭರಹಿತವೆಂದರೆ ನಷ್ಟದಲ್ಲಿ ನಡೆಯಬೇಕೆಂದಲ್ಲ. ಉಳಿದ ಹಣವನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಅದು ಸಂಘದ ಉದ್ದೇಶಕ್ಕೇ ಸಲ್ಲಬೇಕು ಎಂದಷ್ಟೇ. ಉಳಿತಾಯವಿಲ್ಲದ ಸಂಘ ಸದಾ ಯಾರದೋ ಕೃಪೆಯಲ್ಲಿ ಬದುಕುತ್ತದೆ. ಆ ಕೃಪಾಳು ನನ್ನಂಥ ಮೇಷ್ಟರಾದರೂ ಸರಿ, ದೊಡ್ಡ ಕಂಪನಿಯಾದರೂ ಸರಿ, ಯಜಮಾನಿಕೆ ಅವರದೇ ಆಗುತ್ತದೆ.

ಕಂಪನಿಯ ಪ್ರಸ್ತಾವವೂ ಅದೇ ತಿಂಗಳು ಬಂದಿತ್ತು. ಒಂದು ವರ್ಷದ ಬಾಡಿಗೆ ಪೂರ್ತಿ ಕೊಡುತ್ತೇವೆ, ಫಲಕದಲ್ಲಿ ನಮ್ಮ ಹೆಸರಿರಲಿ, ಇಲ್ಲಿ ತಯಾರಾದ ಯಾವುದೇ ಸಾಧನವನ್ನು ಮೊದಲು ನಮಗೆ ತೋರಿಸಬೇಕು ಎಂಬ ಷರತ್ತು. ಚರ್ಚೆ ಮೂರು ಮಂಗಳವಾರ ನಡೆಯಿತು. ಈ ಬಗೆಯ ಇಕ್ಕಟ್ಟು ನಮಗೇ ಮೊದಲೇನಲ್ಲ. ‘ಮೇಕರ್ ಫೇರ್’ ಸಂಘಟಕರು ಅಮೆರಿಕದ ಸೇನಾ ಸಂಶೋಧನಾ ಸಂಸ್ಥೆ ಡಾರ್ಪಾದಿಂದ ಅನುದಾನ ಪಡೆದರೆಂಬ ಕಾರಣಕ್ಕೆ ನಾಯ್ಸ್‌ಬ್ರಿಡ್ಜ್‌ನ ಸಹಸ್ಥಾಪಕ ಮಿಚ್ ಆಲ್ಟ್‌ಮನ್ 2012ರಲ್ಲಿ ಆ ಮೇಳದಿಂದ ಹೊರಗುಳಿದರು. ಎನ್‌ವೈಸಿ ರೆಸಿಸ್ಟರ್‌ನಲ್ಲಿ ಕೂಡಿದ ಗೆಳೆಯರು 2009ರಲ್ಲಿ ‘ಮೇಕರ್‌ಬಾಟ್’ ಎಂಬ ತ್ರೀಡಿ ಪ್ರಿಂಟರ್ ಕಂಪನಿ ಕಟ್ಟಿದರು. ಮೊದಲು ವಿನ್ಯಾಸಗಳೆಲ್ಲ ಮುಕ್ತವಾಗಿದ್ದವು. 2012ರ ಹೊಸ ಮಾದರಿಯ ವಿನ್ಯಾಸವನ್ನು ಮುಚ್ಚಿಟ್ಟಾಗ, ಸುಧಾರಣೆಗಳನ್ನು ಉಚಿತವಾಗಿ ಕೊಟ್ಟಿದ್ದ ಸಮುದಾಯ ನೊಂದುಕೊಂಡಿತು. ಮರುವರ್ಷ ಆ ಕಂಪನಿ ಸುಮಾರು 40 ಕೋಟಿ ಡಾಲರಿಗೆ ಮಾರಾಟವಾಯಿತು. ಉದ್ಯಮ ಕಟ್ಟುವುದು ಪಾಪವಲ್ಲ. ಆದರೆ ಹತ್ತು ಕೈ ಕೂಡಿ ಮಾಡಿದ್ದರ ಮೇಲೆ ಯಾರ ಹಕ್ಕು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ಸ್ನೇಹ ಉಳಿಯದು. ನಾವು ಕಂಪನಿಗೆ ನಯವಾಗಿ ಬೇಡವೆಂದೆವು.

ಅಮೆರಿಕದಲ್ಲಿ ನೆಲೆಸಿ ಅಲ್ಲಿನ ಪೌರತ್ವ ಪಡೆದ ಹಳೆಯ ಸದಸ್ಯರೊಬ್ಬರು ಹಣ ಕಳಿಸುತ್ತೇನೆಂದರು. ಅದನ್ನೂ ಪಡೆಯುವಂತಿರಲಿಲ್ಲ. ಹುಟ್ಟಿನಿಂದ ಕನ್ನಡಿಗರೇ ಆದರೂ ವಿದೇಶಿ ಪೌರರು ಕೊಡುವುದು ನಮ್ಮ ಕಾನೂನಿನ ಪ್ರಕಾರ ವಿದೇಶಿ ದೇಣಿಗೆ. ಅದಕ್ಕೆ ಕೇಂದ್ರ ಗೃಹ ಸಚಿವಾಲಯದ ಅನುಮತಿ ಬೇಕು. ಭಾರತದ ಪಾಸ್‌ಪೋರ್ಟನ್ನೇ ಉಳಿಸಿಕೊಂಡಿರುವ ಅನಿವಾಸಿಗಳಿಗೆ ಈ ತೊಡಕಿಲ್ಲ. ಸಂಘ ಕಟ್ಟುವವರು ಇಂಥ ಸೂಕ್ಷ್ಮಗಳನ್ನು ತಿಳಿದಿರಬೇಕು. ಆದಾಯ ತೆರಿಗೆ ವಿನಾಯಿತಿಯ ನೋಂದಣಿಗೂ 2021ರಿಂದ ಅವಧಿಯ ಮಿತಿಯಿದೆ, ಕಾಲಕಾಲಕ್ಕೆ ನವೀಕರಿಸಬೇಕು. ಮರೆತರೆ ವಿನಾಯಿತಿಯೇ ಹೋಗುತ್ತದೆ.

ಕೊನೆಗೆ ಉಳಿದದ್ದು ಒಂದೇ ದಾರಿ: ಹಾಸಿಗೆ ಇದ್ದಷ್ಟು ಕಾಲು ಚಾಚುವುದು. ದಿನಸಿ ಅಂಗಡಿಯ ಮೇಲಿನ ಎರಡು ಕೋಣೆಗಳಿಗೆ, 14,000 ರೂಪಾಯಿ ಬಾಡಿಗೆಗೆ ಸ್ಥಳಾಂತರವಾದೆವು. ಲೇತ್ ಯಂತ್ರವನ್ನು ಮಹಡಿಗೆ ಏರಿಸಲಾಗದೆ ಪಾಲಿಟೆಕ್ನಿಕ್ ಒಂದಕ್ಕೆ ಕೊಟ್ಟೆವು. ಅದು ಹೋದ ದಿನ ಕೆಲವರ ಕಣ್ಣು ತೇವವಾಗಿತ್ತು. ಹೊಸ ಜಾಗದಲ್ಲಿ ಖರ್ಚು 17,500, ವರಮಾನ ಅದೇ 20,400. ಮೊದಲ ಬಾರಿಗೆ ತಿಂಗಳಿಗೆ 2,900 ಉಳಿಯತೊಡಗಿತು. ಮೂರು ತಿಂಗಳ ಬಾಡಿಗೆಯಷ್ಟು ಆಪದ್ಧನ ಕೂಡುವವರೆಗೆ ಹೊಸ ಯಂತ್ರ ಬೇಡವೆಂದು ನಿರ್ಣಯಿಸಿದೆವು.

ಇನ್ನೆರಡು ನಿರ್ಣಯಗಳಾದವು. ಬಾಗಿಲ ಎದುರಿನ ಗೋಡೆಗೆ ಕರಿಹಲಗೆ ಹಾಕಿ, ಆ ತಿಂಗಳ ವರಮಾನ, ಖರ್ಚು, ಉಳಿಕೆಯನ್ನು ಸೀಮೆಸುಣ್ಣದಲ್ಲಿ ಬರೆಯಬೇಕು. ಮೊದಲು ಎರಡೇ ಇದ್ದ ಬೀಗದ ಕೈಗಳನ್ನು ಏಳು ಮಾಡಿ, ಏಳು ಸದಸ್ಯರಿಗೆ ಕೊಡಬೇಕು. ಎರಡನೆಯದಕ್ಕೆ ಅಂಜಿದವರೂ ಇದ್ದರು. ಬಾಗಿಲನ್ನು ಎಲ್ಲರಿಗೂ ತೆರೆದಿಟ್ಟ ನಾಯ್ಸ್‌ಬ್ರಿಡ್ಜ್ ಕೂಡ ಅದರ ಕಷ್ಟಗಳನ್ನು ಅನುಭವಿಸಿ, 2014ರಲ್ಲಿ ಕೆಲಕಾಲ ಮುಚ್ಚಿ, ಒಳಬರುವ ನಿಯಮಗಳನ್ನು ಬಿಗಿಗೊಳಿಸಿ ಮತ್ತೆ ತೆರೆಯಿತು. ಹಾಗಾಗಿ ಕೈ ಯಾರ ಬಳಿಯಿದೆ ಎಂಬ ಪಟ್ಟಿಯೂ ಹಲಗೆಯ ಮೇಲೆ ಸೇರಿತು. ನನ್ನ ಹಣವನ್ನು ನನ್ನ ಹೆಸರಿನಲ್ಲಿಯೇ ದಾನವೆಂದು ದಾಖಲಿಸಿ ರಸೀದಿ ಕೊಟ್ಟರು. ಆ ರಸೀದಿಯನ್ನು ಮನೆಗೊಯ್ದು ಹೆಂಡತಿಯ ಮುಂದಿಟ್ಟೆ. ಅವಳು ಎರಡು ದಿನ ಮಾತಾಡಲಿಲ್ಲ. ಅದೂ ನ್ಯಾಯವೇ.

ಎರಡು ತಿಂಗಳ ನಂತರ, 2017ರ ನವೆಂಬರಿನಲ್ಲಿ, ಅಮೆರಿಕದ ‘ಟೆಕ್‌ಶಾಪ್’ ಮುಚ್ಚಿದ ಸುದ್ದಿ ಬಂತು. 2006ರಲ್ಲಿ ಲಾಭದ ಉದ್ದಿಮೆಯಾಗಿ ಆರಂಭವಾಗಿ ಹತ್ತು ಶಾಖೆಗಳಿಗೆ ಬೆಳೆದಿದ್ದ, ನಾವು ಕನಸಿನಲ್ಲೂ ಕಾಣದಷ್ಟು ಯಂತ್ರಗಳಿದ್ದ ಕಾರ್ಯಾಗಾರ ಅದು. ಮುನ್ಸೂಚನೆಯಿಲ್ಲದೆ ಒಂದೇ ದಿನ ಎಲ್ಲ ಬಾಗಿಲುಗಳೂ ಮುಚ್ಚಿದವು. ಅಲ್ಲಿನವರು ಗ್ರಾಹಕರು, ಹಣ ಕೊಡುತ್ತಿದ್ದರು, ಲೆಕ್ಕ ನೋಡುವ ಹಕ್ಕಿರಲಿಲ್ಲ. ಆ ಸುದ್ದಿ ಓದಿದಾಗ ನನಗೆ ಅವರ ಮೇಲೆ ಮರುಕ ಹುಟ್ಟಿತು. ಜತೆಗೆ, ಹನ್ನೊಂದು ತಿಂಗಳು ನಾನೂ ನನ್ನ ಸಂಗಾತಿಗಳನ್ನು ಅದೇ ಸ್ಥಿತಿಯಲ್ಲಿಟ್ಟಿದ್ದೆ ಎನಿಸಿತು.

2020ರ ಮಾರ್ಚಿನ ಲಾಕ್‌ಡೌನ್ ನಿಜವಾದ ಪರೀಕ್ಷೆ. ಮುಂಬೈಯಲ್ಲಿ 2013ರಲ್ಲಿ ಆರಂಭವಾದ ‘ಮೇಕರ್ಸ್ ಅಸೈಲಂ’ ದೇಶದ ಹತ್ತಾರು ನಗರಗಳ ಕಾರ್ಯಾಗಾರಗಳನ್ನು ಜೋಡಿಸಿ ಆರೋಗ್ಯ ಸಿಬ್ಬಂದಿಗಾಗಿ ಹತ್ತು ಲಕ್ಷ ಮುಖಕವಚಗಳನ್ನು ಮಾಡಿಸಿತು. ದೊಡ್ಡ ಕಾರ್ಖಾನೆಗಳು ನಿಂತಿದ್ದಾಗ ಸಣ್ಣ ಕೈಗಳು ಏನು ಮಾಡಬಲ್ಲವೆಂಬುದಕ್ಕೆ ಅದು ಸಾಕ್ಷಿ. ನಮ್ಮ ಎರಡು ಪ್ರಿಂಟರುಗಳೂ ಇಬ್ಬರು ಸದಸ್ಯರ ಮನೆಗಳಲ್ಲಿ ಹಗಲಿರುಳು ದುಡಿದು ಬಡಾವಣೆಯ ಆಸ್ಪತ್ರೆಗೆ ಕೆಲವು ನೂರು ಕವಚಗಳನ್ನು ಕೊಟ್ಟವು. ಅತ್ತ ಅರ್ಧದಷ್ಟು ಸದಸ್ಯರ ಶುಲ್ಕ ನಿಂತಿತ್ತು. ಆಪದ್ಧನ ಮೂರು ತಿಂಗಳು ಬಾಡಿಗೆ ಕಟ್ಟಿತು. ಆಮೇಲೆ ಕರಿಹಲಗೆಯ ಚಿತ್ರವನ್ನು ತೆಗೆದು ಎಲ್ಲರಿಗೂ ಕಳಿಸಿದೆವು. ಉಳಿಕೆಯ ಜಾಗದಲ್ಲಿ ಸೊನ್ನೆ. ಒಂದು ವಾರದಲ್ಲಿ 26 ಮಂದಿ ತಮ್ಮಿಂದಾದಷ್ಟು ಕಳಿಸಿದರು. ಅತಿ ಸಣ್ಣ ಮೊತ್ತ 50 ರೂಪಾಯಿ. ಯಾರೂ ಹಿತೈಷಿಯಾಗಲಿಲ್ಲ; ಎಲ್ಲರ ಹೆಸರೂ ಪುಸ್ತಕದಲ್ಲಿದೆ.

ನಾನು ಈಗ ನಿವೃತ್ತ. ಅಂದು ಪ್ರಶ್ನೆ ಕೇಳಿದ ಹುಡುಗಿ ಕಾರ್ಖಾನೆಯೊಂದರಲ್ಲಿ ಎಂಜಿನಿಯರು, ನಮ್ಮ ಸಂಘದ ಖಜಾಂಚಿಯೂ ಆಗಿದ್ದವಳು. ಎರಡು ವರ್ಷಕ್ಕಿಂತ ಹೆಚ್ಚು ಯಾರೂ ಆ ಸ್ಥಾನದಲ್ಲಿರಬಾರದೆಂಬ ನಿಯಮ ತಂದವಳೂ ಅವಳೇ. ಅದರಂತೆ ತಾನೂ ಇಳಿದಳು. ರೇಡಿಯೊ ಮೆಕ್ಯಾನಿಕ್ ತೀರಿಕೊಂಡಿದ್ದಾರೆ. ಅವರ ಸ್ಕ್ರೂಡ್ರೈವರ್ ಪೆಟ್ಟಿಗೆ ಕಿಟಕಿಯ ಬಳಿ ಇದೆ, ಯಾರು ಬೇಕಾದರೂ ಬಳಸಬಹುದು, ಸಂಜೆ ಮರಳಿ ಇಡಬೇಕು.

ಬೇರೆ ಊರುಗಳಿಂದ ಯುವಕರು ಬಂದು, ಇಂಥದ್ದೊಂದು ಆರಂಭಿಸಬೇಕು, ಮೊದಲು ಯಾವ ಯಂತ್ರ ಕೊಳ್ಳಲಿ ಎಂದು ಕೇಳುತ್ತಾರೆ. ತ್ರೀಡಿ ಪ್ರಿಂಟರೋ ಲೇಸರ್ ಯಂತ್ರವೋ ಎಂಬುದು ಅವರ ಗೊಂದಲ. ಒಂದು ಕರಿಹಲಗೆ, ಒಂದು ರಸೀದಿ ಪುಸ್ತಕ, ಏಳು ಬೀಗದ ಕೈ ಎನ್ನುತ್ತೇನೆ. ಮುದುಕ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಅವರು ನಗುತ್ತಾರೆ. ಆಗ ಅವರನ್ನು ಒಳಗೆ ಕರೆದು ಹಲಗೆಯ ಮುಂದೆ ನಿಲ್ಲಿಸುತ್ತೇನೆ. ಈ ತಿಂಗಳ ಉಳಿಕೆ 1,740 ರೂಪಾಯಿ. ಬರೆದವರು ಯಾರೋ ನನಗೆ ಗೊತ್ತಿಲ್ಲ, ಅಕ್ಷರ ನನ್ನದಲ್ಲ.